ಹರಕೆಯ ಜೊತೆಗೆ ಒಂದು ಅರ್ಜಿಯನ್ನೂ ಬರೆಯೋಣ

ಹನೂರಿನಿಂದ ರಾಮಾಪುರಕ್ಕೆ ಹೋಗುವ ದಾರಿಯ ಅಜ್ಜೀಪುರವಾಗಲಿ, ಕೊಳ್ಳೇಗಾಲದ ಪೇಟೆಬೀದಿಯಾಗಲಿ, ಯಳಂದೂರಿನ ಯಾವುದೋ ಕೇರಿಯಾಗಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡಿ. ಎಣ್ಣೆ ಹಚ್ಚಿ ಬಾಚಿದ ತಲೆ, ಬೆನ್ನಿಗೆ ಭಾರದ ಚೀಲ, ಬಾಯಿ ತುಂಬ ಮಾತು... ಶಾಲೆಗೆ ಹೊರಟ ಮಕ್ಕಳ ಸಾಲನ್ನು ನೋಡುವುದೇ ಒಂದು ಸಂತೋಷ. ಆ ಸಾಲು ದಾಟಿಹೋದ ಮೇಲೆ ಇನ್ನೂ ಒಂದು ಗಳಿಗೆ ಅಲ್ಲೇ ನಿಲ್ಲಿ. ಯಾವುದಾದರೂ ಮನೆಯ ಜಗಲಿಯ ಮೇಲೆ, ಬಾಗಿಲ ಸಂದಿಯಲ್ಲಿ, ಒಂದು ಮಗು ಉಳಿದುಕೊಂಡಿದೆಯೇ? ಕಣ್ಣು ಕಾಣದ್ದೋ, ಕಿವಿ ಕೇಳದ್ದೋ, ಕಾಲು ಊರಲಾರದ್ದೋ, ಬುದ್ಧಿ ನಿಧಾನವಾಗಿ ಬೆಳೆಯುತ್ತಿರುವುದೋ?

ಇದೆ ಎಂದಾದರೆ ಈ ಲೇಖನ ಆ ಮಗುವಿನ ತಾಯಿಗೆ. ಮತ್ತು ಆ ತಾಯಿಯ ನೆರೆಯವರಾದ ನಿಮಗೆ.

“ಈ ಕೂಸ್ನ ಓದ್ಸಿ ಏನಾಗ್ಬೇಕವ್ವ? ನಾವಿರಗಂಟ ಅನ್ನ ಹಾಕ್ತೀವಿ, ಸುಮ್ನೆ ಮನೇಲಿರ್ಲಿ ಬುಡು” ಎನ್ನುವ ಮಾತನ್ನು ಕೇಳದವರು ನಮ್ಮಲ್ಲಿ ಕಡಿಮೆ. ಕೆಟ್ಟ ಮನಸ್ಸಿನಿಂದ ಹೇಳುವ ಮಾತಲ್ಲ ಅದು, ಕರುಳಿನಿಂದ ಬರುವ ಮಾತೇ. ದಾರಿಯಲ್ಲಿ ಬಿದ್ದೀತು, ಹುಡುಗರು ಗೇಲಿ ಮಾಡಿಯಾರು, ಮೇಷ್ಟ್ರು ಗದರಿಯಾರು ಎಂಬ ಭಯ ಅದರ ಹಿಂದಿದೆ. ಆದರೆ “ನಾವಿರಗಂಟ” ಎಂಬ ಆ ಪದವನ್ನು ಒಮ್ಮೆ ಯೋಚಿಸಿ. ನಾವು ಇಲ್ಲದ ದಿನ ಆ ಕೂಸಿನ ಗತಿ? ಅಣ್ಣತಮ್ಮಂದಿರ ಮನೆಯ ಮೂಲೆಯೇ?

ನಮ್ಮ ಕಡೆಯ ತಾಯಂದಿರು ಏನೂ ಮಾಡದೆ ಕೂತವರಲ್ಲ. ಮಾದಪ್ಪನ ಬೆಟ್ಟ ಹತ್ತಿ ಹರಕೆ ಹೊತ್ತಿದ್ದಾರೆ, ತಾಯಿತ ಕಟ್ಟಿಸಿದ್ದಾರೆ, ಯಾರೋ ಹೇಳಿದ ನಾಟಿ ಔಷಧಿ ತಂದು ಅರೆದು ಕುಡಿಸಿದ್ದಾರೆ. ಹರಕೆ ಬೇಡ ಎನ್ನುವವರು ಯಾರು? ಹೊರಿ. ಆದರೆ ಹರಕೆಯ ಜೊತೆಗೆ ಒಂದು ಅರ್ಜಿಯನ್ನೂ ಬರೆಯಿರಿ. ಯಾಕೆಂದರೆ ಇಂದು ಆ ಮಗುವಿಗೆ ಶಾಲೆಯಲ್ಲಿ ಜಾಗವಿದೆ, ಕಾಲೇಜಿನಲ್ಲಿ ಪಾಲಿದೆ, ಸರ್ಕಾರಿ ನೌಕರಿಯಲ್ಲೂ ಪಾಲಿದೆ. ಕೇಳುವವರು ಬೇಕು, ಅಷ್ಟೆ. ಹೀಗೆ ಕೇಳಿದವಳೇ ಬಳ್ಳಾರಿ ಕಡೆಯ ಒಬ್ಬ ಹುಡುಗಿ.

ಚೇಳ್ಳಗುರ್ಕಿಯ ಹುಡುಗಿ

ಬಳ್ಳಾರಿ ಜಿಲ್ಲೆಯ ಚೇಳ್ಳಗುರ್ಕಿ ಗ್ರಾಮದ ಅಶ್ವಿನಿ ಅಂಗಡಿ ಹುಟ್ಟಿನಿಂದಲೇ ದೃಷ್ಟಿ ಇಲ್ಲದವರು. ಅನುಕೂಲಸ್ಥರ ಮನೆಯಲ್ಲ. ಹಳ್ಳಿಯಲ್ಲಿ ಕಣ್ಣಿಲ್ಲದ ಗಂಡುಮಗು ಹುಟ್ಟಿದರೇ ನಾಲ್ಕು ಮಾತು. ಇನ್ನು ಹೆಣ್ಣುಮಗು ಎಂದರೆ ಕೇಳಬೇಕೆ! ಆದರೂ ಆಕೆ ಓದಲು ಹೊರಟರು. ಬೆಂಗಳೂರಿನ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯಲ್ಲಿ ಬೆರಳ ತುದಿಯಿಂದ ಓದುವ ಬ್ರೈಲ್ ಲಿಪಿಯನ್ನು ಕಲಿತರು.

ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದಾಚೆ. ಅಂಧರ ಶಾಲೆಯಲ್ಲಿ ಎಲ್ಲವೂ ಅವರಿಗೆಂದೇ ಇರುತ್ತದೆ. ಎಲ್ಲರ ಜೊತೆ ಸಾಮಾನ್ಯ ಕಾಲೇಜಿಗೆ ಹೋದಾಗ? ಕರಿಹಲಗೆಯ ಮೇಲೆ ಬರೆದದ್ದು ಕಾಣದು. ಪಠ್ಯಪುಸ್ತಕ ಬ್ರೈಲ್‌ನಲ್ಲಿ ಸಿಗದು. ಯಾರಾದರೂ ಓದಿ ಹೇಳಬೇಕು, ಇಲ್ಲವೇ ಧ್ವನಿಮುದ್ರಿಸಿ ಕೊಡಬೇಕು. ಪರೀಕ್ಷೆಗೆ ಬರೆಯುವವರನ್ನು ಹುಡುಕಬೇಕು. ಇಷ್ಟೆಲ್ಲದರ ನಡುವೆ ಓದಿ, ಒಳ್ಳೆಯ ಅಂಕ ಪಡೆದು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸವನ್ನೂ ಗಿಟ್ಟಿಸಿಕೊಂಡರು.

ಇಲ್ಲಿಗೆ ಕತೆ ಮುಗಿದಿದ್ದರೆ “ಪಾಪ, ಜಾಣೆ” ಎಂದು ನಾವು ಸುಮ್ಮನಾಗಬಹುದಿತ್ತು. ಆದರೆ ಆಕೆ ಆ ಕೆಲಸ ಬಿಟ್ಟರು! ತನಗೆ ಸಿಕ್ಕಿತು, ತನ್ನಂಥ ಉಳಿದವರ ಪಾಡೇನು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಲಿಯೊನಾರ್ಡ್ ಚೆಷೈರ್ ಎಂಬ ಸಂಸ್ಥೆ ನಡೆಸುತ್ತಿದ್ದ ‘ಯಂಗ್ ವಾಯ್ಸಸ್’ ಎಂಬ ವಿಕಲಚೇತನ ಯುವಜನರ ಬಳಗ ಸೇರಿ, ಊರೂರಲ್ಲಿ ತನ್ನಂಥ ಹುಡುಗ ಹುಡುಗಿಯರಿಗೆ “ಇದು ಭಿಕ್ಷೆಯಲ್ಲ, ನಿಮ್ಮ ಹಕ್ಕು” ಎಂಬುದನ್ನು ತಿಳಿಸತೊಡಗಿದರು.

2013ರ ಜುಲೈನಲ್ಲಿ ವಿಶ್ವಸಂಸ್ಥೆಯ ಶಿಕ್ಷಣ ವಿಶೇಷ ರಾಯಭಾರಿಯ ಹೆಸರಿನಲ್ಲಿ ಕೊಡುವ ‘ಯುವ ಧೈರ್ಯ’ ಪ್ರಶಸ್ತಿ ಅಶ್ವಿನಿಯವರಿಗೆ ಬಂತು. ಪಾಕಿಸ್ತಾನದ ಮಲಾಲಾ ತನ್ನ 16ನೇ ಹುಟ್ಟುಹಬ್ಬದಂದು ವಿಶ್ವಸಂಸ್ಥೆಯಲ್ಲಿ ಮಾತನಾಡಿದ ತಿಂಗಳು ಅದು. 2015ರಲ್ಲಿ ಬ್ರಿಟನ್ ರಾಣಿಯ ಹೆಸರಿನ ಯುವ ನಾಯಕರ ಪ್ರಶಸ್ತಿಯೂ ಬಂತು. ಮುಂದೆ ಅವರು ಅಂಧ ಮಕ್ಕಳಿಗಾಗಿ ‘ಬೆಳಕು ಅಕಾಡೆಮಿ’ ಎಂಬ ವಸತಿ ಶಾಲೆಯನ್ನೇ ಕಟ್ಟಿದರು. “ಮನೇಲಿರ್ಲಿ ಬುಡು” ಎಂದು ಆ ಮಗುವನ್ನೂ ಕೂರಿಸಿದ್ದರೆ ಏನಾಗುತ್ತಿತ್ತು, ನೀವೇ ಹೇಳಿ.

ಕೇಳಿದವರು ಇವರೊಬ್ಬರೇ ಅಲ್ಲ

ಪಕ್ಕದ ಆಂಧ್ರದ ಮಚಲಿಪಟ್ಟಣದ ಕಡೆಯ ಶ್ರೀಕಾಂತ್ ಬೊಲ್ಲ ಹುಟ್ಟು ಅಂಧರು. ಹತ್ತನೇ ತರಗತಿ ಮುಗಿಸಿ ವಿಜ್ಞಾನ ಓದುತ್ತೇನೆ ಎಂದರೆ, ಕಣ್ಣಿಲ್ಲದವರಿಗೆ ಅದಕ್ಕೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಹುಡುಗ ಬಿಡಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿ ಸೀಟು ಪಡೆದ. ಮುಂದೆ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು, 2012ರಲ್ಲಿ ಹೈದರಾಬಾದಿನಲ್ಲಿ ತನ್ನದೇ ಕಾರ್ಖಾನೆ ತೆರೆದು ವಿಕಲಚೇತನರಿಗೆ ಕೆಲಸ ಕೊಟ್ಟ. ಕೆಲಸ ಕೇಳುವ ಕೈ ಕೆಲಸ ಕೊಡುವ ಕೈಯಾದದ್ದು ಹೀಗೆ.

ಐಎಎಸ್ ಪರೀಕ್ಷೆ ಬರೆಯಹೊರಟ ವಿಕಾಸ್ ಕುಮಾರ್ ಅವರಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. ಬರಹಗಾರರ ಸಹಾಯ ಕೇಳಿದರೆ ನಿಯಮ ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಫೆಬ್ರುವರಿ 11ರಂದು ಬಂದ ತೀರ್ಪು ಅವರೊಬ್ಬರಿಗೆ ಮಾತ್ರವಲ್ಲ, ಬರೆಯಲಾಗದ ದೇಶದ ಎಲ್ಲ ವಿದ್ಯಾರ್ಥಿಗಳಿಗೂ ಆಸರೆಯಾಯಿತು.

ನಮ್ಮ ನಾಡಿಗೇನೂ ಇದು ಹೊಸದಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆದಿದ್ದರು. ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಎಂಬ ಮಹಿಳೆ 1959ರಲ್ಲಿ ಬೆಂಗಳೂರಿನಲ್ಲಿ ಕೆಲವು ಗೆಳೆಯರೊಂದಿಗೆ ಕಟ್ಟಿದ ಸಂಸ್ಥೆ ಇಂದಿಗೂ ಶಾಲೆ, ತರಬೇತಿ, ತೋಟಗಾರಿಕೆ ಎಂದು ಸಾವಿರಾರು ಮಂದಿಗೆ ದಾರಿ ತೋರಿಸುತ್ತಿದೆ. ಅಂಧರೇ ಆದ ಜಿ. ಕೆ. ಮಹಾಂತೇಶ್ ಮತ್ತು ಎಸ್. ಪಿ. ನಾಗೇಶ್ ಎಂಬ ಸಹಪಾಠಿಗಳು 1997ರಲ್ಲಿ ‘ಸಮರ್ಥನಂ’ ಕಟ್ಟಿದರು. ಬೇರೆಯವರು ಬಂದು ಎತ್ತಲಿ ಎಂದು ಇವರು ಯಾರೂ ಕಾಯಲಿಲ್ಲ.

ಆದರೂ ಹಿಂದುಳಿದವಳು ಹೆಣ್ಣೇ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಇಡೀ ದೇಶದ ಲೆಕ್ಕ ತೆಗೆದುಕೊಂಡರೆ, ನೂರು ಮಂದಿ ವಿಕಲಚೇತನ ಗಂಡಸರಲ್ಲಿ 62 ಮಂದಿಗೆ ಓದು ಬರಹ ಬರುತ್ತಿತ್ತು. ಹೆಂಗಸರಲ್ಲಿ 45 ಮಂದಿಗೆ ಮಾತ್ರ. ದುಡಿಮೆಯಲ್ಲಿದ್ದವರು ಗಂಡಸರಲ್ಲಿ 47, ಹೆಂಗಸರಲ್ಲಿ ಬರೀ 23. ಅಂದರೆ ಜಗಲಿಯಲ್ಲಿ ಉಳಿದುಕೊಂಡ ಆ ಮಗು ಹುಡುಗಿಯಾಗಿರುವ ಸಂಭವವೇ ಹೆಚ್ಚು. ಗಂಡುಮಗುವಾದರೆ “ಏನೋ ಒಂದು ಕಲೀಲಿ” ಎಂದು ಹೊತ್ತುಕೊಂಡಾದರೂ ಹೋಗುತ್ತೇವೆ. ಹೆಣ್ಣಾದರೆ ಒಲೆಯ ಮುಂದೆಯೂ ಬಿಡದೆ, ಶಾಲೆಗೂ ಬಿಡದೆ ಕೂರಿಸುತ್ತೇವೆ. ನಿಜ ತಾನೆ?

ಕಾಯ್ದೆ ಏನು ಹೇಳುತ್ತದೆ?

‘ಕಾಯ್ದೆ’ ಎಂದ ಕೂಡಲೇ ಪುಟ ಮಗುಚಬೇಡಿ. ಅಡುಗೆಯ ಅಳತೆಗಿಂತ ಕಷ್ಟದ್ದೇನಲ್ಲ ಇದು.

1995ರಲ್ಲಿ ಮೊದಲ ಕಾಯ್ದೆ ಬಂತು. ಅದರ ಬದಲಿಗೆ 2016ರ ಡಿಸೆಂಬರಿನಲ್ಲಿ ಹೊಸ ಕಾಯ್ದೆ ಬಂದು, 2017ರ ಏಪ್ರಿಲ್‌ನಿಂದ ಜಾರಿಯಾಯಿತು. ಅದರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದಾರೆ. ಕಣ್ಣು, ಕಿವಿ, ಕೈಕಾಲಷ್ಟೇ ಅಲ್ಲ. ಬುದ್ಧಿಮಾಂದ್ಯ, ಆಟಿಸಂ, ಓದುವಾಗ ಅಕ್ಷರ ತಡವರಿಸುವ ಕಲಿಕೆಯ ತೊಂದರೆ, ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ಸಿಕ್ಕವರು, ಎಲ್ಲರೂ ಅದರಲ್ಲಿದ್ದಾರೆ.

ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚೆಂದು ವೈದ್ಯರು ದೃಢಪಡಿಸಿದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ಬೇಕೆಂದರೆ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕು ಆ ಮಗುವಿಗಿದೆ. ಆಯ್ಕೆ ನಿಮ್ಮದು, ಶಾಲೆಯವರದಲ್ಲ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 5 ಸೀಟು, ಜೊತೆಗೆ ವಯಸ್ಸಿನ ಮಿತಿಯಲ್ಲಿ ಐದು ವರ್ಷದ ಸಡಿಲಿಕೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4 ಮೀಸಲು. ಸರ್ಕಾರಿ ಕೆಲಸದಲ್ಲಿರುವಾಗ ಅಪಘಾತವೋ ಕಾಯಿಲೆಯೋ ಬಂದು ಯಾರಿಗಾದರೂ ವೈಕಲ್ಯವಾದರೆ, ಅದೇ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಇದು ನಿಮ್ಮ ಯಜಮಾನರಿಗೂ ಒಂದು ದಿನ ಬೇಕಾದೀತು, ನೆನಪಿಟ್ಟುಕೊಳ್ಳಿ.

ಮೊದಲು ಗುರುತಿನ ಚೀಟಿ

ಎಲ್ಲಕ್ಕೂ ಮೊದಲ ಮೆಟ್ಟಿಲು ಯುಡಿಐಡಿ ಎಂಬ ಗುರುತಿನ ಕಾರ್ಡು. ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಮಗುವನ್ನು ಪರೀಕ್ಷಿಸುತ್ತಾರೆ. ಕಂಪ್ಯೂಟರ್ ನಮಗೆಲ್ಲಿ ಬರುತ್ತದೆ ಎನ್ನುತ್ತೀರಾ? ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಪುನರ್ವಸತಿ ಕಾರ್ಯಕರ್ತರು ಯಾರು ಎಂದು ಕೇಳಿ. ಪಂಚಾಯಿತಿಗೊಬ್ಬರಂತೆ ಇವರನ್ನು ನೇಮಿಸುವ ವ್ಯವಸ್ಥೆ ಕರ್ನಾಟಕದಲ್ಲಿದೆ; ಬಹುಪಾಲು ಅವರೂ ವಿಕಲಚೇತನರೇ ಆದ್ದರಿಂದ ನಿಮ್ಮ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯಿತಿಯು ತನ್ನ ಸ್ವಂತ ವರಮಾನದಲ್ಲಿ ಶೇಕಡಾ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕೆಂಬ ನಿಯಮವೂ ಇದೆ. ಗ್ರಾಮಸಭೆಯಲ್ಲಿ ಎದ್ದು ನಿಂತು, “ಈ ವರ್ಷದ ಆ ದುಡ್ಡು ಯಾವುದಕ್ಕೆ ಖರ್ಚಾಯಿತು?” ಎಂದು ಒಂದೇ ಒಂದು ಮಾತು ಕೇಳಿ ನೋಡಿ. ಸಭೆ ನಿಮ್ಮ ಕಡೆ ತಿರುಗುತ್ತದೆ!

ಕಿವಿಯ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಸದ್ದಿಗೆ ಬೆಚ್ಚದ, ಕರೆದರೆ ತಿರುಗದ ಕೂಸನ್ನು “ಮಾತು ತಡ, ಅವರಪ್ಪನೂ ಹಾಗೇ ಇದ್ದ” ಎಂದು ವರ್ಷಗಟ್ಟಲೆ ಕಾಯಬಾರದು. ಬೇಗ ಗೊತ್ತಾದಷ್ಟೂ ಮಗು ಮಾತು ಕಲಿಯುವುದು ಸುಲಭ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಈ ಸಂಸ್ಥೆ ನಮ್ಮ ಯಳಂದೂರು ತಾಲ್ಲೂಕಿನ ಗುಂಬಳ್ಳಿಯವರೆಗೂ ತನ್ನ ಸೇವೆಯನ್ನು ತಂದಿದೆ.

ಶಾಲೆಗೆ ಬರೆಯುವ ಅರ್ಜಿ

ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ, ಕಾಗದ ಉಳಿಯುತ್ತದೆ. “ನೋಡೋಣ, ಮುಂದಿನ ವರ್ಷ ಕರ್ಕೊಂಡ್ಬನ್ನಿ” ಎಂದವರೂ ಕಾಗದ ಕೈಗೆ ಬಂದಾಗ ಉತ್ತರ ಕೊಡಬೇಕಾಗುತ್ತದೆ. ಹೀಗೆ ಬರೆಯಿರಿ:

“ಮುಖ್ಯೋಪಾಧ್ಯಾಯರಿಗೆ,
ಮಾನ್ಯರೇ,
ನನ್ನ ಮಗಳು (ಹೆಸರು, ವಯಸ್ಸು) ವಿಕಲಚೇತನಳಾಗಿದ್ದು, ಆಕೆಯನ್ನು ತಮ್ಮ ಶಾಲೆಗೆ ಸೇರಿಸಲು ಬಯಸುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಆಕೆಗೆ ಪ್ರವೇಶ ನೀಡಿ, ಅಗತ್ಯವಾದ ಅನುಕೂಲಗಳನ್ನು (ಮುಂದಿನ ಸಾಲಿನಲ್ಲಿ ಕೂರುವ ಜಾಗ, ಕೆಳಮಹಡಿಯ ತರಗತಿ, ಬ್ರೈಲ್ ಅಥವಾ ದೊಡ್ಡ ಅಕ್ಷರದ ಪುಸ್ತಕ, ಬೇಕಾದದ್ದನ್ನು ಬರೆಯಿರಿ) ಮಾಡಿಕೊಡಬೇಕೆಂದು ಕೋರುತ್ತೇನೆ. ಪ್ರವೇಶ ಸಾಧ್ಯವಿಲ್ಲವೆಂದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.”

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಅದನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಆ ಕೊನೆಯ ಸಾಲು ಮುಖ್ಯ. ‘ಆಗುವುದಿಲ್ಲ’ ಎಂದು ಬಾಯಲ್ಲಿ ಹೇಳುವುದು ಸುಲಭ. ಬರೆದು ಸಹಿ ಹಾಕುವುದು ಅಷ್ಟು ಸುಲಭವಲ್ಲ!

ಹನೂರು, ಕೊಳ್ಳೇಗಾಲ, ಯಳಂದೂರಿನಂಥ ಪ್ರತಿ ಶಿಕ್ಷಣ ವಲಯದ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೂ ವಿಕಲಚೇತನ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯಿದೆ. ಹಾಸಿಗೆಯಿಂದ ಏಳಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ಕ್ರಮವೂ ಉಂಟು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಪ್ರೋತ್ಸಾಹಧನವೂ ಈ ಯೋಜನೆಯಲ್ಲಿದೆ. ದೊಡ್ಡ ಮೊತ್ತವಲ್ಲ ನಿಜ, ಆದರೆ ಮಗಳ ಹೆಸರಿಗೆ ಬರುವ ಹಣವೆಂದರೆ ಮನೆಯಲ್ಲಿ ಅವಳ ಮಾತಿಗೂ ತೂಕ ಬರುತ್ತದೆ. ಎಷ್ಟು ಕೇಳಿದರೂ ಕೆಲಸವಾಗದಿದ್ದರೆ, ದೂರು ಕೇಳಲೆಂದೇ ಬೆಂಗಳೂರಿನಲ್ಲಿ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ.

ಪರೀಕ್ಷೆಯ ವರ್ಷ ಇನ್ನೊಂದು ಅರ್ಜಿ ಬೇಕು. ಬರೆಯಲಾಗದ ಮಗುವಿಗೆ ಬರಹಗಾರರನ್ನು ಪಡೆಯಬಹುದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯವೂ ಸಿಗಬೇಕು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು. ಇದನ್ನು ಪರೀಕ್ಷೆಯ ದಿನ ಕೇಳಿದರಾಗದು. ಶಾಲೆ ಶುರುವಾದ ದಿನಗಳಲ್ಲೇ ಕೇಳಿಡಿ.

ಅಡುಗೆಮನೆಯೇ ಮೊದಲ ಪಾಠಶಾಲೆ

ಅರ್ಜಿ ಬರೆದಾಯಿತು. ಇನ್ನು ಮನೆಯೊಳಗೆ? ಎಲ್ಲ ಕೆಲಸವನ್ನೂ ನಾವೇ ಮಾಡಿಕೊಟ್ಟು, ಬಾಯಿಗೆ ತುತ್ತಿಟ್ಟು ಬೆಳೆಸಿದ ಮಗು ಹಾಸ್ಟೆಲಿನಲ್ಲಿ ಮೂರು ದಿನವೂ ಇರಲಾರದು. ಸ್ವಾವಲಂಬನೆ ಕಲಿಸುವ ಜಾಗ ನಿಮ್ಮ ಅಡುಗೆಮನೆಯೇ.

ದೃಷ್ಟಿಯಿಲ್ಲದ ಮಗಳಿದ್ದರೆ ಡಬ್ಬಿಗಳನ್ನು ದಿನಕ್ಕೊಂದು ಕಡೆ ಇಡಬೇಡಿ. ಜೀರಿಗೆ, ಸಾಸಿವೆ, ಮೆಣಸು ಎಂದೆಂದಿಗೂ ಅದೇ ಸಾಲು. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆ ಡಬ್ಬಿಗೆ ಎರಡು. ಮೂಗು, ನಾಲಿಗೆ, ಬೆರಳು ಅವಳಿಗೆ ಕಣ್ಣಿಗಿಂತ ಚುರುಕು. ಲೋಟಕ್ಕೆ ತಣ್ಣೀರು ಬಗ್ಗಿಸುವಾಗ ಅಂಚಿನೊಳಗೆ ಬೆರಳಿಟ್ಟು ಅಳತೆ ತಿಳಿಯಲಿ. ಬಾಗಿಲನ್ನು ಪೂರಾ ತೆರೆದಿಡಿ, ಇಲ್ಲವೇ ಪೂರಾ ಮುಚ್ಚಿ. ಅರ್ಧ ತೆರೆದ ಬಾಗಿಲೇ ಹಣೆಗೆ ಬಡಿಯುವುದು.

ಕಿವಿ ಕೇಳದ ಮಗುವಿನ ಜೊತೆ ಬೆನ್ನು ಹಾಕಿ ಮಾತನಾಡಬೇಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ತುಟಿ ಕಾಣಲಿ. ಕೈಸನ್ನೆ ಮಾಡಿದರೆ ನಾಚಿಕೆಯೇನೂ ಇಲ್ಲ, ಅದೂ ಒಂದು ಭಾಷೆಯೇ. ನಡೆಯಲಾಗದ ಮಗುವಿಗೆ ಬಟ್ಟೆ, ಪುಸ್ತಕ, ನೀರಿನ ಚೊಂಬು ಕೈಗೆಟಕುವ ಎತ್ತರದಲ್ಲಿರಲಿ. ಕೂತಲ್ಲೇ ಸೊಪ್ಪು ಬಿಡಿಸಲಿ, ಹುಣಸೆಹಣ್ಣು ಬಿಡಿಸಲಿ, ಮನೆಯ ಲೆಕ್ಕ ಬರೆಯಲಿ. ಬುದ್ಧಿ ನಿಧಾನವಾದ ಮಗುವಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾಡಿ ಮುಗಿಸಿದಾಗ ಮೆಚ್ಚಿಕೊಳ್ಳಿ. ತಂಗಿ, ಅಣ್ಣನಿಗೆ ಸಿಗುವ ಬೈಗುಳವೂ ಅದಕ್ಕೆ ಸಿಗಲಿ, ಹೊಗಳಿಕೆಯೂ ಸಿಗಲಿ. ಮತ್ತೆ ಒಂದು ಮಾತು. ಮಗುವಿಗೆ ಒಂದು ಹೆಸರಿಟ್ಟಿದ್ದೀರಲ್ಲ? ಆ ಹೆಸರಿನಿಂದಲೇ ಕರೆಯಿರಿ, ಬೇರೆಯವರಿಂದಲೂ ಕರೆಸಿರಿ. ಕುಂಟಿ, ಕುರುಡಿ, ಮೂಗಿ ಎಂಬುವು ಹೆಸರುಗಳಲ್ಲ.

ಓದಿ ಆದ ಮೇಲೆ?

“ಓದ್ಸಿದ್ರೆ ಕೆಲ್ಸ ಯಾರು ಕೊಟ್ಟಾರು?” ಎಂಬ ಪ್ರಶ್ನೆಗೂ ಉತ್ತರವಿದೆ. ಮೈಸೂರಿನಲ್ಲಿ 1991ರಿಂದ ಜೆಎಸ್‌ಎಸ್ ಸಂಸ್ಥೆಯ ವಿಕಲಚೇತನರ ಪಾಲಿಟೆಕ್ನಿಕ್ ನಡೆಯುತ್ತಿದೆ. ಕಂಪ್ಯೂಟರ್‌ನಂಥ ವಿಷಯಗಳಲ್ಲಿ ಡಿಪ್ಲೊಮಾ ಮಾಡಬಹುದು. ಬೆಂಗಳೂರಿನಲ್ಲಿ ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಾಲ್ ಅವರು 1990ರಲ್ಲಿ ಸ್ಥಾಪಿಸಿದ ‘ಮಿತ್ರ ಜ್ಯೋತಿ’ ಧ್ವನಿ ಪುಸ್ತಕಗಳನ್ನು ತಯಾರಿಸುತ್ತದೆ, ಕಂಪ್ಯೂಟರ್ ಕಲಿಸುತ್ತದೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಈಗ ಬಿಟ್ಟಿಯಾಗಿ ಸಿಗುತ್ತವೆ, ಕನ್ನಡವನ್ನೂ ಓದುತ್ತವೆ.

‘ಎನೇಬಲ್ ಇಂಡಿಯಾ’ ಸಂಸ್ಥೆಯ ಕತೆಯಂತೂ ಒಂದು ಮನೆಯ ಕತೆಯೇ. ಶಾಂತಿ ರಾಘವನ್ ಅವರ ತಮ್ಮ ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಳ್ಳತೊಡಗಿದ. ಅಕ್ಕ ಕೈಚೆಲ್ಲಿ ಕೂರಲಿಲ್ಲ. ಓದಿಸಿದರು, ಕಂಪ್ಯೂಟರ್ ಕಲಿಸಿದರು. ಓದಿ ಮುಗಿಸಿದ ತಮ್ಮನಿಗೆ ಕೆಲಸ ಸಿಗುವುದೇ ದೊಡ್ಡ ಸಾಹಸವಾದಾಗ, ಅವನಂಥವರಿಗೆಲ್ಲ ತರಬೇತಿ ಕೊಟ್ಟು ಕೆಲಸ ಹುಡುಕಿಕೊಡುವ ಸಂಸ್ಥೆಯನ್ನು 1999ರಲ್ಲಿ ಪತಿಯ ಜೊತೆಗೂಡಿ ಆರಂಭಿಸಿದರು. ಒಬ್ಬ ಅಕ್ಕನ ಹಟದಿಂದ ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿದೆ ನೋಡಿ!

ನಮ್ಮ ಮನೆಯಲ್ಲಿ ಅಂಥ ಮಗುವಿಲ್ಲ ಎನ್ನುವವರಿಗೆ

ನಿಮಗೂ ಕೆಲಸವಿದೆ. ಶಾಲೆಗೆ ಹೋಗುವ ನಿಮ್ಮ ಮಗನಿಗೆ ಪಕ್ಕದ ಮನೆಯ ಹುಡುಗಿಯನ್ನು ಕೈಹಿಡಿದು ಕರೆದೊಯ್ಯಲು ಹೇಳಿ. ಹತ್ತನೇ ತರಗತಿಯ ಮಗಳಿದ್ದರೆ ಸಂಜೆ ಅರ್ಧ ಗಂಟೆ ಪಾಠ ಓದಿ ಹೇಳಲಿ. ಓದಿ ಹೇಳಿದವಳಿಗೂ ಪಾಠ ಬಾಯಿಪಾಠವಾಗುತ್ತದೆ. ಮಹಿಳಾ ಸಂಘದ ಸಭೆಯಲ್ಲಿ ಶಾಲೆಯ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸುವ ಮಾತು ತೆಗೆಯಿರಿ. ಆ ಇಳಿಜಾರು ಗಾಲಿ ಕುರ್ಚಿಯ ಮಗುವಿಗೆ ಮಾತ್ರವಲ್ಲ, ಮೊಮ್ಮಗನನ್ನು ಶಾಲೆಗೆ ಬಿಡಲು ಬರುವ ಮಂಡಿನೋವಿನ ಅಜ್ಜಿಗೂ ಬೇಕು. ಮದುವೆ ಮುಂಜಿಗೆ ಕರೆಯುವಾಗ “ಮಗೂನೂ ಕರ್ಕೊಂಡ್ ಬನ್ನಿ” ಎಂದು ಒಂದು ಮಾತು ಸೇರಿಸಿ. ಆ ಮಾತಿಗಾಗಿ ಆ ತಾಯಿ ಎಷ್ಟು ವರ್ಷದಿಂದ ಕಾದಿದ್ದಾಳೋ!

ಈ ಪತ್ರಿಕೆ ಓದಿ ಮುಗಿಸಿ ಮಡಚಿಡುವ ಮೊದಲು ಮೇಲಿನ ಅರ್ಜಿಯ ಆ ನಾಲ್ಕು ಸಾಲನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ನಿಮಗೆ ಬೇಡದಿದ್ದರೆ, ಬೇಕಾದ ಮನೆ ಯಾವುದೆಂದು ನಿಮಗೆ ಗೊತ್ತಿದೆ. ಅರ್ಧ ಸೇರು ಸಕ್ಕರೆ ಕೇಳುವ ನೆಪದಲ್ಲಾದರೂ ಸರಿ, ನಾಳೆ ಅಲ್ಲಿಗೆ ಹೋಗಿ ಕೊಟ್ಟು ಬನ್ನಿ.